ಅತ್ತೆ ಕೂತ ಬಂಡೆ

ಪ್ರಶಸ್ತಿಯ ಸುದ್ದಿ ಬಂದ ಹೊತ್ತಿಗೆ ಮದ್ದಿನ ಮೇಸ್ತ್ರಿ ಕಲ್ಲುಕ್ವಾರಿಯ ತಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಸಿಡಿಮದ್ದು ತುಂಬುತ್ತಿದ್ದ. ಮೇಲಿನ ಆಫೀಸಿನಿಂದ ಅವನ ಭಾವಮೈದ ಎರಡೂ ಕೈ ಬೀಸುತ್ತ ಓಡಿಬಂದ. ಮದ್ದು ತುಂಬುವವನ ಹತ್ತಿರ ಓಡಿಬರಬಾರದು ಎಂಬುದು ಕ್ವಾರಿಗೆ ನಿನ್ನೆ ಮೊನ್ನೆ ಸೇರಿದವನಿಗೂ ಗೊತ್ತು. ಆದರೆ ಈ ಮಹಾನುಭಾವ ಗುಮಾಸ್ತ, ಫ್ಯಾನಿನ ಕೆಳಗೆ ಕೂತು ಲಾರಿಗಳ ನಂಬರು ಬರೆಯುವವನು. ಅವನಿಗೆ ಯಾರು ಹೇಳಬೇಕು?

"ಭಾವ! ಬಂತು! ನಿಮಗೇ ಬಂತು!"

"ಏನು, ಕೆಮ್ಮಾ?" ಎಂದ ಮೇಸ್ತ್ರಿ ಕುಳಿಯಿಂದ ಕಣ್ಣು ತೆಗೆಯದೆ.

ಬಂದದ್ದು ಪ್ರಶಸ್ತಿ. ದೂರದ ಶ್ರೀಮಂತ ದೇಶವೊಂದರ ಸಂಸ್ಥೆಯವರು ಮುಂದುವರಿಯುತ್ತಿರುವ ದೇಶಗಳಲ್ಲಿ ತಳಮಟ್ಟದಲ್ಲಿ ನಿಂತು ಕಾಡುಜೀವಿಗಳನ್ನು ಉಳಿಸುವ ನಾಯಕರನ್ನು ಪ್ರತಿ ವರ್ಷ ಹುಡುಕಿ, ಸನ್ಮಾನ ಮಾಡಿ, ಕೆಲಸ ಬೆಳೆಸಿಕೊಳ್ಳಿ ಅಂತ ನಿಧಿಯನ್ನೂ ಕೊಡುತ್ತಾರಂತೆ. ಭಾವಮೈದ ಯಾರಿಗೂ ತುಟಿಪಿಟಕ್ಕೆನ್ನದೆ ಮೇಸ್ತ್ರಿಯ ಹೆಸರಲ್ಲಿ ಅರ್ಜಿ ಗುಜರಾಯಿಸಿದ್ದ. ಅವರು ಎಲ್ಲೆಲ್ಲಿಯವರನ್ನೋ ಸೋಸಿ ಜಾಲಿಸಿ, ಕೊನೆಗೆ ಇವನನ್ನು ಆರಿಸಿದ್ದರು.

"ಮುಂದುವರಿಯುತ್ತಿರುವ ದೇಶ ಅಂತೆ," ಎಂದು ಮೇಸ್ತ್ರಿ ಕುಳಿಯ ಬಾಯಿಗೆ ಮಣ್ಣು ಜಡಿಯುತ್ತ ಹೇಳಿದ. "ಎಲ್ಲಿಗೆ ಹೊರಟಿದೆ ಅಂತ ಕೇಳಿದ್ಯೇನೋ? ನಾನಂತೂ ಮದುವೆಗೆ ಮುಂಚಿನಿಂದ ಇದೇ ಹೊಂಡದಲ್ಲಿ ಕೂತಿದೀನಿ."

ಮೇಸ್ತ್ರಿಯ ಸ್ವಭಾವವೇ ಹಾಗೆ. ಲೋಕದಲ್ಲಿ ಅವನಿಗೆ ಸರಿಕಂಡವರು ಬಹಳ ಕಡಿಮೆ. ಕ್ವಾರಿಯ ಧಣಿ ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ, ಭಾವಮೈದ ಎಡವಟ್ಟು, ಟಿಪ್ಪರ್ ಓಡಿಸುವವರು ಕಣ್ಣಿದ್ದೂ ಕುರುಡರು, ತಪಾಸಣೆಗೆ ಬರುವ ಅಧಿಕಾರಿಗಳು ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟರು. ಎಡಗಿವಿಯನ್ನು ಮದ್ದಿಗೆ ಕೊಟ್ಟು ಎಷ್ಟೋ ಕಾಲವಾದ್ದರಿಂದ ಈ ಅಭಿಪ್ರಾಯಗಳನ್ನೆಲ್ಲ ಅವನು ಊರಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಿದ್ದ. ಹೆಂಡತಿಯ ಬಗ್ಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಅಷ್ಟು ಧೈರ್ಯವಿರಲಿಲ್ಲ.

ಈ ಒರಟನಿಗೆ ಪ್ರಶಸ್ತಿ ತಂದುಕೊಟ್ಟದ್ದು ಒಂದು ಗೂಬೆ.

ಕ್ವಾರಿಯ ಮೂಡಣ ಗೋಡೆಯಲ್ಲಿ, ಏಣಿಗೂ ಎಟುಕದ ಎತ್ತರದಲ್ಲಿ, ಬಂಡೆ ಅಟ್ಟದ ಹಾಗೆ ಒಂದಿಷ್ಟು ಮುಂದಕ್ಕೆ ಚಾಚಿದೆ. ಅಲ್ಲಿಗೆ ಚಳಿಗಾಲದಲ್ಲಿ ಒಂದು ದೊಡ್ಡ ಗೂಬೆ ಬಂದು ಬರಿಗಲ್ಲಿನ ಮೇಲೇ ಮೊಟ್ಟೆಯಿಟ್ಟು ಕಾವು ಕೂರುತ್ತದೆ. ಅದು ಬಂದ ಮೊದಲ ವರ್ಷ, ಕುಳಿಯಿಂದ ಕಣ್ಣೆತ್ತದ ಮೇಸ್ತ್ರಿಯೊಬ್ಬನನ್ನು ಬಿಟ್ಟು, ಕ್ವಾರಿಗೆ ಕ್ವಾರಿಯೇ ಕೆಲಸ ಬಿಟ್ಟು ಕತ್ತೆತ್ತಿ ನಿಂತಿತು. ಕೈಚಾಚಿ ತೋರಿಸಿದವರೇನು, ಫೋನು ಹಿಡಿದವರೇನು, ಶಿಳ್ಳೆ ಹೊಡೆದವರೇನು! ದಿನಾ ಮಧ್ಯಾಹ್ನ ಬೆಟ್ಟ ನಡುಗಿಸುವ ಮದ್ದಿಗೆ ರೆಕ್ಕೆಯನ್ನೂ ಅಲುಗಿಸದೆ ಕೂತಿದ್ದ ಹಕ್ಕಿ, ಈ ಕಣ್ಣುಗಳನ್ನು ತಡೆಯಲಾರದೆ ಎದ್ದುಹೋಯಿತು. ಮೊಟ್ಟೆಗಳು ಕಾಗೆಯ ಪಾಲಾದವು. ದಿನಕ್ಕೊಂದು ಗುಡ್ಡ ಉರುಳಿಸುವ ಮೇಸ್ತ್ರಿ ಅವತ್ತು ಊಟದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದ.

ಮರುವರ್ಷ ಹಕ್ಕಿ ಮತ್ತೆ ಬಂತು. ಮೇಸ್ತ್ರಿ ಬಂಡೆಯ ಮೇಲೆ ಹತ್ತಿ ನಿಂತು, ಸೈರನ್ನಿಗಿಂತ ಜೋರಾಗಿ ಕೂಗಿದ: "ಇವತ್ತಿಂದ ಆ ಗೋಡೆ ಕಡೆ ತಲೆ ಎತ್ತಿದವನಿಗೆ ಟೀ ಇಲ್ಲ!" ಕ್ಯಾಂಟೀನು ಅವನ ಹೆಂಡತಿಯದು. ಅವಳ ಟೀ ಇಲ್ಲದೆ ಆ ಧೂಳಿನಲ್ಲಿ ಮಧ್ಯಾಹ್ನ ದಾಟಿಸುವುದು ಯಾರಿಂದಲೂ ಆಗದ ಮಾತು. ಹೀಗೆ ಶುರುವಾಯಿತು ಕ್ವಾರಿಯ ಕಟ್ಟಳೆ. ಜಲ್ಲಿ ಹೊರುವ ಹೆಂಗಸರು ಹಕ್ಕಿಗೆ 'ಅತ್ತೆ' ಅಂತ ಹೆಸರಿಟ್ಟರು. ಮೇಲೆ ಕೂತು ಎಲ್ಲರನ್ನೂ ಕಾಣುತ್ತಾಳೆ, ಬಾಯಿ ಬಿಡುವುದು ಕಡಿಮೆ, ಎದುರು ತಲೆ ಎತ್ತಿದರೆ ಮುನಿಸಿಕೊಂಡು ಹೋಗುತ್ತಾಳೆ, ಮತ್ತೇನು ಹೆಸರಿಡುವುದು? ಹೊಸದಾಗಿ ಸೇರಿದವರಿಗೆ ಮೊದಲು ಹೇಳುತ್ತಿದ್ದ ಮಾತು ಕೂಲಿಯದಲ್ಲ, "ಅತ್ತೆ ಇದ್ದಾಳೆ, ತಲೆ ತಗ್ಗಿಸಿ ನಡಿ" ಅಂತ. ಯಾರನ್ನಾದರೂ ಗೂಬೆ ಅಂತ ಬೈಯುವುದನ್ನೂ ಬಿಟ್ಟು, ಬೈಗುಳಕ್ಕೆ ಬೇರೆ ಪ್ರಾಣಿ ಹುಡುಕಿಕೊಂಡರು. ಮೇಸ್ತ್ರಿಯಂತೂ "ಆ ಕಡೆ ಕಲ್ಲು ಪೊಳ್ಳು ಧಣಿ, ಜಲ್ಲಿಗೂ ಆಗಲ್ಲ" ಎಂದು ವರ್ಷ ವರ್ಷವೂ ಹಸಿ ಸುಳ್ಳು ಹೇಳಿ, ಮೂಡಣ ಗೋಡೆಗೆ ಒಂದು ಕುಳಿಯನ್ನೂ ಕೊರೆಯಲು ಬಿಟ್ಟಿರಲಿಲ್ಲ.

ಹೀಗಾಗಿ ಆ ಮೊದಲ ವರ್ಷದ ನಂತರ ಅತ್ತೆಯನ್ನು ಸರಿಯಾಗಿ ಕಂಡವರು ಆ ಕ್ವಾರಿಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಬುಡದಲ್ಲಿ ಉದುರಿದ ಇಲಿಯ ಮೂಳೆ ನೋಡಿ ಅವಳು ಬಂದದ್ದನ್ನು ತಿಳಿಯುತ್ತಿದ್ದರು. ಮರಿಗಳ ಸೀಟಿ ಕೇಳಿ ಮೊಟ್ಟೆ ಒಡೆದದ್ದನ್ನು ತಿಳಿಯುತ್ತಿದ್ದರು. ಮೇಸ್ತ್ರಿ ಕಂಡದ್ದು ಸಂಜೆ ಅವಳು ಹಾರುವಾಗ ನೆಲದ ಮೇಲೆ ಜಾರುವ ನೆರಳನ್ನು ಮಾತ್ರ. ಆ ನೆರಳು ತನ್ನ ಮೇಲೆ ಹಾದುಹೋದ ದಿನ ಅವನು ಯಾರನ್ನೂ ಬೈಯುತ್ತಿರಲಿಲ್ಲ.

ಪ್ರಶಸ್ತಿಯವರು ಚಿತ್ರ ತೆಗೆಯಲು ಬರುತ್ತಾರೆ ಎಂದಾಗ ಧಣಿ ಕ್ವಾರಿಯ ಧೂಳು ಗುಡಿಸಲು ಹೇಳಿದ. ಕಲ್ಲುಕ್ವಾರಿಯಲ್ಲಿ ಧೂಳು ಗುಡಿಸುವುದು! ಹೆಂಗಸರು ಮುಸಿಮುಸಿ ನಗುತ್ತ ಈ ಮೂಲೆಯ ಧೂಳನ್ನು ಆ ಮೂಲೆಗೆ ದೂಡಿದರು. ಬಿಳಿ ಕಾರಿನಿಂದ ಇಳಿದವಳು ಸಂಸ್ಥೆಯ ರಾಜಧಾನಿ ಕಚೇರಿಯ ಮೇಡಂ. ಕಾಡಿಗೆ ಹೋಗುವವರು ತೊಡುವ ಹೊಚ್ಚಹೊಸ ಬೂಟು, ಮೈತುಂಬ ಜೇಬಿರುವ ಅಂಗಿ, ಜೇಬುಗಳೆಲ್ಲ ಖಾಲಿ. ಹಿಂದೆ ತೊಡೆಗಾತ್ರದ ಲೆನ್ಸು ಹೊತ್ತ ಕ್ಯಾಮೆರಾದವನು. ಕಂಡ ತಕ್ಷಣ ಮೇಸ್ತ್ರಿ ಇಬ್ಬರನ್ನೂ ತನ್ನ ಮನಸ್ಸಿನ ಕಸದ ಬುಟ್ಟಿಗೆ ಎಸೆದ.

ಕ್ಯಾಂಟೀನಿನ ಬೆಂಚಿನ ಮೇಲೆ ಮಾತು ಶುರುವಾಯಿತು.

"ಸಾರ್, ನಿಮ್ಮ ಕೆಲಸದ ವಿಧಾನ ಏನು ಅಂತ ಹೇಳ್ತೀರಾ?"

"ನೋಡಲ್ಲ."

"ಅಂದ್ರೆ?"

"ಮೇಲೆ ನೋಡಲ್ಲ. ಯಾರೂ ನೋಡಲ್ಲ. ಅಷ್ಟೆ."

ಮೇಡಂ ಕ್ಯಾಮೆರಾದವನ ಮುಖ ನೋಡಿದಳು. "ಅದು ಬಿಟ್ಟು? ತರಬೇತಿ, ಜಾಗೃತಿ ಅಂತ ಏನಾದ್ರೂ..."

"ನೋಡಿದವನಿಗೆ ಟೀ ಇಲ್ಲ."

ಮೇಡಂ ಬರೆದುಕೊಂಡಳು. ಮುಂದೆ ಸಂಸ್ಥೆಯ ಪುಸ್ತಿಕೆಯಲ್ಲಿ ಈ ಮಾತು 'ಸಮುದಾಯ ಆಧಾರಿತ ಪ್ರೋತ್ಸಾಹಕ ವ್ಯವಸ್ಥೆ' ಎಂದು ಅಚ್ಚಾಯಿತು. ನಿಧಿಯಿಂದ ಏನು ಕೊಳ್ಳುತ್ತೀರಿ ಎಂಬ ಪ್ರಶ್ನೆ ಬಂದಾಗ ಭಾವಮೈದ ನಡುವೆ ಬಾಯಿ ಹಾಕಿ, "ದುರ್ಬೀನು ಮೇಡಂ, ಎಲ್ಲ ಕೆಲಸಗಾರರಿಗೂ ಒಂದೊಂದು ದುರ್ಬೀನು" ಎಂದ.

ಮೇಸ್ತ್ರಿ ಬಲಗಿವಿಯನ್ನು ಅವನ ಕಡೆ ತಿರುಗಿಸಿದ. "ಏನಂದೆ?"

"ಅರ್ಜಿಯಲ್ಲಿ ಮತ್ತೇನು ಬರೀಬೇಕಿತ್ತು ಭಾವ? ನೋಡದೇ ಇರೋದಕ್ಕೆ ಏನು ಖರ್ಚಿರುತ್ತೆ? ಖಾಲಿ ಬಿಟ್ಟಿದ್ರೆ ಅರ್ಜಿ ಬಿದ್ದುಹೋಗ್ತಿತ್ತು."

ಮೇಸ್ತ್ರಿ ನಕ್ಕ ನಗುವಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಹೆಂಡತಿ ನಗಲಿಲ್ಲ. ಒಲೆಯ ಮುಂದಿನಿಂದಲೇ ಆ ಲೆನ್ಸನ್ನು ನೋಡುತ್ತಿದ್ದಳು.

ಕೊನೆಗೆ ಮೇಡಂ ವಿಷಯಕ್ಕೆ ಬಂದಳು. ಲೀಡರ್ ಮತ್ತು ಹಕ್ಕಿ ಒಂದೇ ಚಿತ್ರದಲ್ಲಿ ಬೇಕು. ಸನ್ಮಾನದ ಸಭೆಯಲ್ಲಿ ತೋರಿಸುವುದು ಅದನ್ನೇ.

"ಆಗಲ್ಲ," ಎಂದ ಮೇಸ್ತ್ರಿ. "ಈಗ ಅವಳ ಹೊಟ್ಟೆ ಕೆಳಗೆ ಮೊಟ್ಟೆ ಇದೆ."

"ಮದ್ದಿಗೇ ಹೆದರದ ಹಕ್ಕಿ ಸಾರ್, ಕ್ಯಾಮೆರಾಗೆ ಹೆದರುತ್ತಾ?"

"ಮದ್ದು ಅವಳನ್ನ ನೋಡಲ್ಲ ಮೇಡಂ."

ಸುತ್ತ ನಿಂತವರಿಗೆ ತಮ್ಮ ಮೇಸ್ತ್ರಿಯ ಬಗ್ಗೆ ಹೆಮ್ಮೆಯಾಯಿತು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೇಡಂ ಪುಸ್ತಕ ಮುಚ್ಚುತ್ತ, ಸುಮ್ಮನೆ ಕೇಳುವವಳ ಹಾಗೆ ಕೇಳಿದಳು: "ಅಲ್ಲ ಸಾರ್, ನೀವು ಅದನ್ನ ನೋಡಿದಾಗ ನಿಮಗೆ ಏನನ್ಸುತ್ತೆ?"

"ನಾನೂ ನೋಡಿಲ್ಲ."

"ಒಂದು ಸಲವೂ? ನೀವೇ ಕಾಪಾಡಿದ ಹಕ್ಕೀನ?" ಅವಳ ಮುಖದ ಮೇಲೆ ಕನಿಕರ ಮೂಡಿತು. "ಅಯ್ಯೋ ಪಾಪ."

ಬೈದಿದ್ದರೆ ತಿರುಗಿ ಬೈಯುತ್ತಿದ್ದ. ಆಮಿಷ ಒಡ್ಡಿದ್ದರೆ ಉಗಿದು ಕಳಿಸುತ್ತಿದ್ದ. ಕನಿಕರ ಕಂಡವನು ಬಗ್ಗಿ ಚಪ್ಪಲಿಯ ಧೂಳು ಕೊಡವತೊಡಗಿದ. ಯಾರೋ ಬಂದು, ನಿನ್ನ ಮನೆಯ ಮೀಸಲು ಕೋಣೆಯ ಬಾಗಿಲನ್ನು ನೀನೇ ತೆರೆದಿಲ್ಲವಲ್ಲ ಎಂದ ಹಾಗಾಯಿತು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಮೇಸ್ತ್ರಿ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದ, "ಒಂದೇ ಒಂದು ಸಲ ನೋಡಿದ್ರೆ ಏನಾಗುತ್ತೆ?"

"ಮೊದಲ ವರ್ಷ ಏನಾಯ್ತೋ ಅದೇ ಆಗುತ್ತೆ," ಎಂದಳು ಹೆಂಡತಿ.

"ಅವರು ಮಂಗಗಳ ಥರ ಕುಣಿದ್ರು. ನಾನೂ ಅವರೂ ಒಂದೇನಾ? ನನಗೆ ತಿಳಿವಳಿಕೆ ಇಲ್ವಾ?"

"ಅವಳಿಗೆ ನಿಮ್ಮ ತಿಳಿವಳಿಕೆ ಕಾಣಿಸಲ್ಲ ರೀ. ಕಣ್ಣು ಕಾಣಿಸುತ್ತೆ." ಸಾರು ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. "ಬೇಡ. ಕೇಳಿ ಇಲ್ಲಿ, ಬೇಡ."

ಜೀವಮಾನವಿಡೀ ಉಳಿದವರೆಲ್ಲ ದಡ್ಡರು ಎಂದು ಹೇಳಿಕೊಂಡು ಬಂದವನಿಗೆ ತಾನೊಬ್ಬ ಬೇರೆ ಎಂದು ನಂಬುವುದು ಎಷ್ಟರ ಕಷ್ಟ? ಕೈ ತೊಳೆಯುವ ಹೊತ್ತಿಗೆ ಅವನ ಮನಸ್ಸು ಗಟ್ಟಿಯಾಗಿತ್ತು. ನಿಧಾನವಾಗಿ ನೋಡುತ್ತೇನೆ, ಮರ್ಯಾದೆಯಿಂದ ನೋಡುತ್ತೇನೆ, ಇಷ್ಟು ವರ್ಷ ಕಾದವನಿಗೆ ಅಷ್ಟೂ ಹಕ್ಕಿಲ್ಲವೇ ಎಂದು ತನಗೆ ತಾನೇ ಪಂಚಾಯಿತಿ ಮಾಡಿಕೊಂಡು, ತನ್ನ ಪರವಾಗಿಯೇ ತೀರ್ಪು ಕೊಟ್ಟುಕೊಂಡ.

ಮಾರನೆಯ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅವನು ಮೇಡಂ ಮತ್ತು ಕ್ಯಾಮೆರಾದವನನ್ನು ಕರೆದುಕೊಂಡು ಎದುರು ಗೋಡೆಯ ಮೆಟ್ಟಿಲು ಹತ್ತಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಶೆಡ್ಡಿನ ಹತ್ತಿರ ನಿಂತಿದ್ದ ಕೆಲಸಗಾರರು ಅವನು ಹೋಗುವುದನ್ನು ಕಂಡರು. ಏನೋ ಯೋಚನೆ ಮಾಡಿಯೇ ಹೋಗುತ್ತಿರಬೇಕು ಅಂದುಕೊಂಡರು, ಮೇಸ್ತ್ರಿ ತಾನೆ! ಆಮೇಲೆ ಎಂದಿನ ಹಾಗೆ ತಲೆ ತಗ್ಗಿಸಿದರು.

ಅತ್ತೆಯ ಅಟ್ಟಕ್ಕೆ ನೇರ ಎದುರಾಗುವ ಕಟ್ಟೆಯ ಮೇಲೆ ಕ್ಯಾಮೆರಾ ಕೂತಿತು. ಮೇಸ್ತ್ರಿ ಅಲ್ಲಿಯವರೆಗೂ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ಈಗ ಸಾರ್. ನಿಧಾನಕ್ಕೆ ತಲೆ ಎತ್ತಿ."

ಎತ್ತಿದ.

ಮೊದಲು ಬರೀ ಕಲ್ಲು ಕಂಡಿತು. ಆಮೇಲೆ ಆ ಕಲ್ಲಿಗೆ ಎರಡು ಕಣ್ಣು ಬಂದವು. ಕೆಂಡದ ಬಣ್ಣದ, ದುಂಡನೆಯ, ರೆಪ್ಪೆ ಬಡಿಯದ ಕಣ್ಣು. ನೆತ್ತಿಯ ಎರಡು ಬದಿಗೆ ನೆಟ್ಟಗೆ ನಿಂತ ಗರಿ. ಮೊಟ್ಟೆಯ ಮೇಲೆ ಅರಳಿಸಿಟ್ಟ ಎದೆ, ಅದರ ಮೇಲೆ ಬಂಡೆಯ ಮೈಯಲ್ಲಿರುವಂಥದೇ ಕಂದು ಗೀರು. ಮೇಸ್ತ್ರಿಗೆ ಎದೆ ತುಂಬಿಬಂತು. ಎಷ್ಟು ಚೆನ್ನಾಗಿದ್ದಾಳೆ! ಜೀವನದಲ್ಲಿ ಇಷ್ಟು ಚೆನ್ನಾದದ್ದನ್ನು ಅವನು ನೋಡಿರಲಿಲ್ಲ. ಅವಳೂ ಅವನನ್ನೇ ನೋಡುತ್ತಿದ್ದಳು. ನನ್ನ ಗುರುತು ಇವಳಿಗೆ ಇದ್ದೇ ಇರುತ್ತದೆ ಅಂದುಕೊಂಡ ಆ ಪುಣ್ಯಾತ್ಮ. ಎಡವಟ್ಟು ಭಾವಮೈದನ ತಲೆಗೂ ಇಂಥ ಯೋಚನೆ ಬರುತ್ತಿರಲಿಲ್ಲ.

ಅವಳು ಎದ್ದು ನಿಂತಳು. ಮೈಯ ಗರಿಯೆಲ್ಲ ಒಳಕ್ಕೆಳೆದುಕೊಂಡು ಸಣ್ಣಗಾದಳು. ಆಮೇಲೆ ರೆಕ್ಕೆ ಬಿಚ್ಚಿ ಅವರ ತಲೆಯ ಮೇಲೆಯೇ ಹಾರಿಹೋದಳು. ಸದ್ದೇ ಆಗಲಿಲ್ಲ. ತನ್ನ ಕಿವಿಗೆ ಕೇಳಿಸಲಿಲ್ಲವೇನೋ ಎಂದು ಮೇಸ್ತ್ರಿ ಮೇಡಂನ ಮುಖ ನೋಡಿದ.

"ಸಿಕ್ತು!" ಎಂದು ಕ್ಯಾಮೆರಾದವನು ಮುಷ್ಟಿ ಬಿಗಿದು ಕುಣಿದ. "ಹಾರೋದು ಪೂರ್ತಿ ಸಿಕ್ತು!"

ಅಟ್ಟದ ಮೇಲೆ ಬಿಳಿಯ ದುಂಡು ಮೊಟ್ಟೆಗಳು ಬಯಲಿಗೆ ತೆರೆದುಕೊಂಡು ಕೂತಿದ್ದವು.

"ಇಳೀರಿ!" ಎಂದು ಮೇಸ್ತ್ರಿ ಕೂಗಿಕೊಂಡ. "ಎಲ್ಲ ಇಳೀರಿ ಕೆಳಗೆ! ಬೇಗ!"

ಇಳಿದರು. ಅವತ್ತು ಮದ್ದು ಸಿಡಿಯಲಿಲ್ಲ, ಕ್ರಷರ್ ತಿರುಗಲಿಲ್ಲ. ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಹೊರಗಿನ ನೆಲ ನೋಡುತ್ತ, ಆ ನೆರಳು ಮತ್ತೆ ಜಾರಿಬರಲಿ ಎಂದು ಕಾದು ಕೂತ. ಮಧ್ಯಾಹ್ನ ದಾಟಿದ ಮೇಲೆ ನೆರಳು ಬಂತು, ಆದರೆ ಅದು ಚಿಕ್ಕದು, ಆಮೇಲೆ ಇನ್ನೊಂದು, ಅವುಗಳ ಹಿಂದೆಯೇ ಕಾ ಕಾ ಎಂಬ ಕೂಗು. ಓಡಿಸೋಣವೆಂದರೆ ಮತ್ತೆ ತಲೆ ಎತ್ತಬೇಕು, ಕಲ್ಲು ಬೀರಬೇಕು, ಅವಳು ಎಲ್ಲಿಂದಲೋ ನೋಡುತ್ತಿದ್ದರೆ ಅದನ್ನೂ ನೋಡುತ್ತಾಳೆ. ಕೂತಲ್ಲೇ ಕೂತಿದ್ದ. ಕಾಗೆಗಳು ನಿಧಾನವಾಗಿ ಊಟ ಮುಗಿಸಿದವು.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದಳು ಮೇಡಂ ಕಾರು ಹತ್ತುತ್ತ. "ಮುಂದಿನ ವರ್ಷ ಬರುತ್ತೆ. ಪ್ರಕೃತಿ ದೊಡ್ಡದು."

ಎಲ್ಲ ಇವಳದೇ ತಪ್ಪು ಎಂದು ಇವಳ ತಲೆಯ ಮೇಲೆ ಗೂಬೆ ಕೂರಿಸಿಬಿಡೋಣ ಎಂದು ಮೇಸ್ತ್ರಿಗೆ ಅನ್ನಿಸಿತು. ಕೂರಿಸಲು ಗೂಬೆ ಎಲ್ಲಿತ್ತು?

ಸನ್ಮಾನ ನಡೆದದ್ದು ರಾಜಧಾನಿಯ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ. ಒಳಗೆ ಚಳಿಯೋ ಚಳಿ. ಧಣಿ ಕಡ ಕೊಟ್ಟ ಕೋಟು ಮೇಸ್ತ್ರಿಯ ಬಗಲಲ್ಲಿ ಬಿಗಿಯುತ್ತಿತ್ತು. ಬೇರೆ ಬೇರೆ ದೇಶಗಳಿಂದ ಆಮೆ ಉಳಿಸಿದವರು, ಕೋತಿ ಉಳಿಸಿದವರು, ಅವರಿಗೆಲ್ಲ ಕೈಚಪ್ಪಾಳೆ ತಟ್ಟಲು ಘಮಘಮಿಸುತ್ತ ಬಂದ ಗಂಡಸರು ಹೆಂಗಸರು. ಊಟದ ಮೇಜಿನಲ್ಲಿ ಪಕ್ಕದವನೊಬ್ಬ, "ಗೂಬೆ ನಮ್ಮನೆಯವಳಿಗೆ ಬಹಳ ಇಷ್ಟ, ಶೋಕೇಸಿನ ತುಂಬ ಇಟ್ಟಿದಾಳೆ" ಎಂದ. ಇನ್ನೊಂದು ಕಾಲದಲ್ಲಾಗಿದ್ದರೆ ಮೇಸ್ತ್ರಿಯ ನಾಲಿಗೆ ಅವನ ಚರ್ಮ ಸುಲಿಯುತ್ತಿತ್ತು.

ದೀಪ ಆರಿತು. ಪರದೆಯ ಮೇಲೆ ಕ್ವಾರಿ, ಧೂಳು, ಸೈರನ್ನು. ಆಮೇಲೆ ಅವನದೇ ಮುಖ ಗೋಡೆಯಷ್ಟು ದೊಡ್ಡದಾಗಿ ಮೇಲೆದ್ದಿತು. ಕಣ್ಣಲ್ಲಿ ನೀರಿತ್ತು. ಆಮೇಲೆ ಅವಳ ಮುಖ. ಪಿಟೀಲು ಶುರುವಾಯಿತು. ಅವಳು ಎದ್ದಳು, ರೆಕ್ಕೆ ಬಿಚ್ಚಿದಳು, ನಿಜದಲ್ಲಿ ಹಾರಿದ್ದಕ್ಕಿಂತ ಎಷ್ಟೋ ನಿಧಾನವಾಗಿ, ಒಂದೊಂದು ಗರಿಯೂ ಕಾಣುವ ಹಾಗೆ ಹಾರಿದಳು. "ಒಬ್ಬ ಮನುಷ್ಯನ ಪ್ರೀತಿಯಿಂದ ಇಂದು ಈ ರೆಕ್ಕೆಗಳು ಸ್ವತಂತ್ರವಾಗಿವೆ" ಎಂದಿತು ಒಂದು ಗಂಭೀರ ದನಿ. ಮೊಟ್ಟೆಗಳನ್ನು ತೋರಿಸಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಮನೆ ಬಿಟ್ಟು ಓಡುತ್ತಿರುವ ತಾಯಿಗೆ ಚಪ್ಪಾಳೆ!

ಮೈಕು ಕೈಗೆ ಬಂತು. ಮೇಸ್ತ್ರಿಗೆ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಲೋಕವನ್ನೆಲ್ಲ ಬೈದ ಬಾಯಿ, ಬೈಯಲೇಬೇಕಾದ ಒಬ್ಬನ ವಿಷಯ ಬಂದಾಗ ಕಟ್ಟಿತು. "ಥ್ಯಾಂಕ್ಸ್" ಎಂದ. ಅದಕ್ಕೂ ಚಪ್ಪಾಳೆ ಬಿತ್ತು.

ಅವನು ಊರಿಗೆ ಮರಳುವಷ್ಟರಲ್ಲಿ ಕ್ವಾರಿಯ ಗೇಟಿಗೆ ಹೊಸ ಬೋರ್ಡು ಬಂದಿತ್ತು. ಒಂದು ಕಡೆ ಗೂಬೆ, ಒಂದು ಕಡೆ ಕೈ ಮುಗಿದ ಧಣಿ. ಧಣಿ ಗೇಟಿನಲ್ಲೇ ನಿಂತಿದ್ದ. "ಹಕ್ಕಿ ಹೋಯ್ತು ಅಂತ ಕೊರಗಬೇಡಪ್ಪ, ಬೋರ್ಡ್ ಇದೆಯಲ್ಲ" ಎಂದು ಬೆನ್ನು ತಟ್ಟಿದ. ಕ್ಯಾಂಟೀನಿನ ಮುಂದೆ ಭಾವಮೈದ ದುರ್ಬೀನಿನ ಪೆಟ್ಟಿಗೆಗಳನ್ನು ಒಡೆದು, ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ.

ಮಧ್ಯಾಹ್ನದ ಟೀ ಹೊತ್ತು. ಎಲ್ಲರೂ ಬೆಂಚುಗಳ ಮೇಲಿದ್ದರು.

"ತಗೊಳ್ರೋ," ಎಂದ ಮೇಸ್ತ್ರಿ. ದನಿ ಎಂದಿನಷ್ಟು ಏರಲಿಲ್ಲ. "ಒಬ್ಬೊಬ್ಬರಿಗೆ ಒಂದೊಂದು ಬಂದಿದೆ."

ಯಾರೂ ತಲೆ ಎತ್ತಲಿಲ್ಲ. ಅವನು ಒಂದೊಂದು ಬೆಂಚಿನ ಮುಂದೆಯೂ ಹೋಗಿ ನಿಂತ. ಜಲ್ಲಿ ಹೊರುವ ಹೆಂಗಸರು ಲೋಟದೊಳಗೆ ನೋಡಿದರು. ಕುಳಿ ಕೊರೆಯುವವರು ತಮ್ಮ ಅಂಗೈ ನೋಡಿಕೊಂಡರು. ಸಿಟ್ಟು ತೋರಿಸಿದವರಿಲ್ಲ. ಇಷ್ಟು ವರ್ಷ ತಾನೇ ನಿಂತು ಕಲಿಸಿದ್ದನ್ನು ಅವರು ಚಾಚೂ ತಪ್ಪದೆ ಮಾಡುತ್ತಿದ್ದರು.

ಮೇಸ್ತ್ರಿ ಮೂಲೆಯ ಬೆಂಚಿನಲ್ಲಿ ಕೂತ. ನೋಡಿದವನಿಗೆ ಟೀ ಇಲ್ಲ ಎಂಬ ಕಟ್ಟಳೆ ತನಗೂ ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹೆಂಡತಿ ಬಂದಳು. ಲೋಟ ತಂದು, ತುಳುಕದ ಹಾಗೆ ಅವನ ಮುಂದಿಟ್ಟಳು. ಸಕ್ಕರೆಯೂ ಎಂದಿನಷ್ಟೇ ಇತ್ತು. ಕಾಪಾಡಬೇಕಾದ ಅತ್ತೆಯೇ ಇಲ್ಲದ ಮೇಲೆ ಕಟ್ಟಳೆ ಯಾರಿಗೆ, ಶಿಕ್ಷೆ ಯಾರಿಗೆ? ಅವನಿಗೆ ಅದನ್ನು ತಡೆಯಲಾಗಲಿಲ್ಲ. ಲೋಟ ಬಿಟ್ಟು ಹೊರಳಿದವಳ ಸೆರಗಿನ ತುದಿ ಹಿಡಿದ.

"ಏನಾದ್ರೂ ಅನ್ನು. ಬೈಯಿ. ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡು."

ಅವಳು ನೆಲ ನೋಡುತ್ತಲೇ ಸೆರಗು ಬಿಡಿಸಿಕೊಂಡಳು.

"ಯಾಕೆ," ಎಂದಳು, "ಕ್ಯಾಮೆರಾ ಬಂದಿದೆಯಾ?"